ಡಿಸ್ಚಾರ್ಜ್ ಕಾರ್ಡ್ ಅರ್ಥವಾದ ಮೇಲೆಯೇ ವಾರ್ಡ್ ಬಿಡಿ: ಮುಂಬಯಿ ಕನ್ನಡಿಗರಿಗೊಂದು ಮಾರ್ಗದರ್ಶಿ

ನನ್ನ ಮಾವನವರನ್ನು ಆಸ್ಪತ್ರೆಯಿಂದ ಡೊಂಬಿವಲಿಯ ಮನೆಗೆ ಕರೆತಂದದ್ದು ಒಂದು ಶನಿವಾರ ಸಂಜೆ. ಹೃದಯದ ಪಂಪಿಂಗ್ ಕಡಿಮೆಯಾಗಿ, ಕಾಲಲ್ಲಿ ನೀರು ತುಂಬಿ, ಆರು ದಿನ ಅಡ್ಮಿಟ್ ಆಗಿದ್ದರು. ಡಿಸ್ಚಾರ್ಜ್ ಕಾರ್ಡ್‌ನಲ್ಲಿ ಮೂತ್ರ ಹೋಗುವ ಮಾತ್ರೆಯ ಮುಂದೆ ‘5 ದಿನ’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ನಾನೇ ಓದಿ ಅತ್ತೆಗೆ ಹೇಳಿದೆ. ಅತ್ತೆ ಐದು ದಿನ ಹೊತ್ತು ತಪ್ಪದೆ ಕೊಟ್ಟರು, ಆರನೆಯ ದಿನ ನಿಲ್ಲಿಸಿದರು. ಒಂಬತ್ತನೆಯ ರಾತ್ರಿ ಮಾವನಿಗೆ ಮಲಗಲು ಆಗಲಿಲ್ಲ. ಎದ್ದು ಕೂತರೆ ಮಾತ್ರ ಉಸಿರು. ಮತ್ತೆ ಅದೇ ಆಸ್ಪತ್ರೆ, ಈ ಸಲ ಐಸಿಯು.

ಡ್ಯೂಟಿಯಲ್ಲಿದ್ದ ಡಾಕ್ಟರು ಕಾರ್ಡ್ ನೋಡಿ ಹೇಳಿದರು: “ಐದು ದಿನ ಅಂದರೆ ಐದನೇ ದಿನ ತೋರಿಸೋಕೆ ಬರಬೇಕು ಅಂತ. ಮಾತ್ರೆ ಬಿಡಿ ಅಂತಲ್ಲ.” ಆ ಮಾತನ್ನು ಶನಿವಾರ ನಮಗೆ ಯಾರೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ. ಕಾರ್ಡ್ ಇಂಗ್ಲಿಷಿನಲ್ಲಿತ್ತು, ಸಿಸ್ಟರ್ ಅದನ್ನು ಮರಾಠಿಯಲ್ಲಿ ಗಡಿಬಿಡಿಯಿಂದ ವಿವರಿಸಿದ್ದರು, ನಾನು ಕನ್ನಡದಲ್ಲಿ ಅರ್ಧ ಹೇಳಿದ್ದೆ. ಮಾತ್ರೆ ಕೊಡುತ್ತಿದ್ದ ಅತ್ತೆಗೆ ತಲುಪಿದ್ದು ಆ ಅರ್ಧದ ಅರ್ಧ.

ಅಂದಿನಿಂದ ಪರಿಚಯದವರಲ್ಲಿ ಯಾರು ಅಡ್ಮಿಟ್ ಆದರೂ ಡಿಸ್ಚಾರ್ಜ್ ದಿನ ನಾನು ಜೊತೆಗೆ ಹೋಗುತ್ತೇನೆ. ನಾನು ಡಾಕ್ಟರಲ್ಲ. ಯಾವ ಔಷಧ ಸರಿ ಎಂದು ಇಲ್ಲಿ ಹೇಳುವುದಿಲ್ಲ. ಯಾವ ಪ್ರಶ್ನೆ ಕೇಳದೆ ಮನೆಗೆ ಬರಬಾರದು ಎಂಬುದನ್ನು ಹೇಳುತ್ತೇನೆ.

ಹಿಂದಿನ ದಿನ ಮಧ್ಯಾಹ್ನ

ರೌಂಡ್ಸ್‌ನಲ್ಲಿ ದೊಡ್ಡ ಡಾಕ್ಟರು “ನಾಳೆ ಡಿಸ್ಚಾರ್ಜ್” ಎಂದ ಕ್ಷಣದಿಂದ ನಿಮ್ಮ ಕೆಲಸ ಶುರು. ಮರುದಿನ ಎಲ್ಲವೂ ಒಟ್ಟಿಗೆ ಬೀಳುತ್ತದೆ: ಬಿಲ್ಲು, ವಿಮೆ, ಟ್ಯಾಕ್ಸಿ, ಬೆಡ್ ಖಾಲಿ ಮಾಡಿ ಎಂಬ ಅವಸರ. ಆ ಗದ್ದಲದಲ್ಲಿ ಯಾರಿಗೂ ಕಾಗದ ಓದುವ ವ್ಯವಧಾನ ಇರುವುದಿಲ್ಲ.

ಕಾರ್ಡ್ ಬರೆಯುವವರು ಸಾಮಾನ್ಯವಾಗಿ ದೊಡ್ಡ ಡಾಕ್ಟರಲ್ಲ. ವಾರ್ಡಿನ ಆರ್‌ಎಂಒ (ಆಸ್ಪತ್ರೆಯಲ್ಲೇ ಇದ್ದು ನೋಡಿಕೊಳ್ಳುವ ವೈದ್ಯಾಧಿಕಾರಿ) ಅಥವಾ ರೆಸಿಡೆಂಟ್ ಡಾಕ್ಟರು ಬರೆಯುತ್ತಾರೆ. ಅವರನ್ನು ಹಿಂದಿನ ದಿನವೇ ಕಂಡು, ಕರಡು ತಯಾರಾದಾಗ ಒಮ್ಮೆ ತೋರಿಸಿ ಎಂದು ಕೇಳಿಕೊಳ್ಳಿ. ಸೌಜನ್ಯದಿಂದ ಕೇಳಿದರೆ ಹೆಚ್ಚಿನವರು ತೋರಿಸುತ್ತಾರೆ. ಸಹಿ, ಸೀಲು ಬಿದ್ದ ಮೇಲೆ ಒಂದು ಅಕ್ಷರ ತಿದ್ದಿಸಲು ಅರ್ಧ ದಿನ ಬೇಕು.

ಮನೆಯಲ್ಲಿ ಮೊದಲಿನಿಂದ ಇರುವ ಎಲ್ಲ ಮಾತ್ರೆ, ಇನ್ಸುಲಿನ್, ಕಷಾಯ, ಆಯುರ್ವೇದದ ಗುಳಿಗೆ, ಒಂದನ್ನೂ ಬಿಡದೆ ಚೀಲಕ್ಕೆ ಹಾಕಿ ತನ್ನಿ. ಹಾಗೆಯೇ ಮನೆಯಲ್ಲಿ ಔಷಧ ಕೊಡುವವರು ಯಾರೋ ಅವರನ್ನೇ ಡಿಸ್ಚಾರ್ಜ್ ದಿನ ಆಸ್ಪತ್ರೆಗೆ ಕರೆತನ್ನಿ. ಇಂಗ್ಲಿಷ್ ಬರುವ ಮಗ ಬಿಲ್ಲಿಂಗ್ ಕೌಂಟರಿನಲ್ಲಿ ನಿಲ್ಲಲಿ. ವಾರ್ಡಿನಲ್ಲಿ ಅಮ್ಮ ಇರಬೇಕು.

ಹೆಸರಿನ ತೊಡಕು

ಇದು ನಮ್ಮವರಿಗೆ ವಿಶೇಷವಾಗಿ ಕಾಡುವ ಕಷ್ಟ. ಇಲ್ಲಿನ ಫಾರಂಗಳಲ್ಲಿ ಹೆಸರು, ತಂದೆಯ ಅಥವಾ ಗಂಡನ ಹೆಸರು, ಆಡನಾವ್ (ಮನೆತನದ ಹೆಸರು) ಎಂದು ಮೂರು ಜಾಗ ಇರುತ್ತವೆ. ನಮ್ಮಲ್ಲಿ ಹಲವರಿಗೆ ಆಡನಾವ್ ಇಲ್ಲ, ಇನಿಷಿಯಲ್ ಇದೆ. ಆಧಾರಿನಲ್ಲಿ ‘ವಾಸು ಕೆ.’, ಪಾಲಿಸಿಯಲ್ಲಿ ‘ಕೆ. ವಾಸು ಪೂಜಾರಿ’, ಆಸ್ಪತ್ರೆಯ ಕಂಪ್ಯೂಟರಿನಲ್ಲಿ ‘ವಾಸು ಕೃಷ್ಣ ಪೂಜಾರಿ’ ಆದರೆ ವಿಮೆಯವರ ಕಣ್ಣಿಗೆ ಮೂವರು ಬೇರೆ ಬೇರೆ ಮನುಷ್ಯರು. ಹೆಂಗಸರದ್ದು ಇನ್ನೂ ಕಷ್ಟ: ಊರಿನ ದಾಖಲೆಯಲ್ಲಿ ತಾಯಿಮನೆಯ ಹೆಸರು, ಇಲ್ಲಿ ನಡುವೆ ಗಂಡನ ಹೆಸರು ಸೇರಿಸಿರುತ್ತಾರೆ. ಅಡ್ಮಿಟ್ ಮಾಡುವಾಗಲೇ ಆಧಾರ್ ಮತ್ತು ಪಾಲಿಸಿ ಮುಂದಿಟ್ಟು ಅಕ್ಷರ ಅಕ್ಷರ ಹೊಂದಿಸಿ. ಆಗ ಆಗಿಲ್ಲದಿದ್ದರೆ ಕರಡು ನೋಡುವ ಹೊತ್ತಿಗಾದರೂ ಆಗಲೇಬೇಕು. ವಯಸ್ಸು, ಅಡ್ಮಿಟ್ ಆದ ತಾರೀಖು, ಐಪಿಡಿ (ಒಳರೋಗಿ) ನಂಬರು, ಶಸ್ತ್ರಕ್ರಿಯೆ ಎಡಗಾಲಿನದೋ ಬಲಗಾಲಿನದೋ ಎಂಬುದನ್ನೂ ಅದೇ ಉಸಿರಿನಲ್ಲಿ ನೋಡಿ.

ಕಾರ್ಡ್ ಕೈಗೆ ಬಂದಾಗ

ಮೊದಲು ರೋಗದ ಹೆಸರು ಹುಡುಕಿ. ಅದರ ಕನ್ನಡದ ಅರ್ಥ ನಿಮಗೆ ಗೊತ್ತಿರಬೇಕು. “ಹಾರ್ಟ್ ಪ್ರಾಬ್ಲಮ್” ಎಂಬಷ್ಟೇ ಉತ್ತರ ಸಾಲದು. ರಕ್ತನಾಳ ಕಟ್ಟಿದ್ದೋ, ಪಂಪಿಂಗ್ ಕಡಿಮೆಯೋ, ಬಡಿತ ತಪ್ಪಿದ್ದೋ ಎಂಬುದರ ಮೇಲೆ ಮನೆಯ ಆರೈಕೆ ಬದಲಾಗುತ್ತದೆ. ಆಮೇಲೆ ಮನೆಗೆ ಹೊರಡುವ ದಿನದ ಬಿಪಿ, ಸಕ್ಕರೆ, ಆಕ್ಸಿಜನ್, ತೂಕ ಬರೆದಿದ್ದಾರೆಯೇ ನೋಡಿ. ತೂಕ ಬರೆಯುವುದು ಬಹಳ ಕಡೆ ಬಿಟ್ಟುಹೋಗುತ್ತದೆ. ಹೃದಯ ಮತ್ತು ಕಿಡ್ನಿ ರೋಗಿಗಳಿಗೆ ಮುಂದಿನ ಲೆಕ್ಕವೆಲ್ಲ ಆ ತೂಕದಿಂದಲೇ ಶುರುವಾಗುವುದು.

ಔಷಧಗಳ ಪಟ್ಟಿಗೆ ಕನಿಷ್ಠ ಕಾಲು ಗಂಟೆ ಕೊಡಿ. ಮನೆಯಿಂದ ತಂದ ಚೀಲವನ್ನು ಹಾಸಿಗೆಯ ಮೇಲೆ ಸುರಿದು, ಒಂದೊಂದೇ ಸ್ಟ್ರಿಪ್ ಎತ್ತಿ ಹಿಡಿದು ಕೇಳಿ: ಇದು ಮುಂದುವರಿಯುತ್ತದೋ, ಡೋಸ್ ಬದಲಾಯಿತೋ, ನಿಂತಿತೋ? ನಿಂತದ್ದನ್ನು ಅಲ್ಲಿಯೇ ಬೇರೆ ಕವರಿಗೆ ಹಾಕಿ. ಬ್ರ್ಯಾಂಡ್ ಹೆಸರು ಬೇರೆಯಾದರೂ ಒಳಗಿನ ಔಷಧ ಒಂದೇ ಇರುವುದು ತುಂಬ ಸಾಮಾನ್ಯ. ಉದಾಹರಣೆಗೆ ಇಕೋಸ್ಪ್ರಿನ್ ಎಂದರೆ ಆಸ್ಪಿರಿನ್. ಡಿಪ್ಲಾಟ್-ಎ ಎಂಬ ಗುಳಿಗೆಯಲ್ಲಿ ಕ್ಲೊಪಿಡೊಗ್ರೆಲ್ ಜೊತೆಗೆ ಆಸ್ಪಿರಿನ್ನೂ ಇದೆ. ಹಳೆಯದನ್ನು ಬಿಡದೆ ಹೊಸದನ್ನೂ ನುಂಗಿದರೆ ರಕ್ತ ತೆಳು ಮಾಡುವ ಔಷಧ ಎರಡು ಪಟ್ಟು ಹೊಟ್ಟೆಗೆ ಹೋಗುತ್ತದೆ. ಹೊಟ್ಟೆಯಲ್ಲಿ ರಕ್ತಸ್ರಾವವಾಗಿ ಮತ್ತೆ ಆಸ್ಪತ್ರೆ ಸೇರಲು ಅಷ್ಟು ಸಾಕು.

ದಿನಗಳ ಸಂಖ್ಯೆ ಬರೆದಲ್ಲೆಲ್ಲ ಕೇಳಿ: “ಅಷ್ಟು ದಿನವಾದ ಮೇಲೆ ನಿಲ್ಲಿಸುವುದೋ, ನಿಮಗೆ ತೋರಿಸಿ ಮುಂದುವರಿಸುವುದೋ?” ಆಂಟಿಬಯೋಟಿಕ್ ಆದರೆ ಸಾಮಾನ್ಯವಾಗಿ ಮುಗಿಸಿ ನಿಲ್ಲಿಸುವುದು. ಬಿಪಿ, ಹೃದಯ, ಸಕ್ಕರೆ, ಫಿಟ್ಸ್ ಮಾತ್ರೆಗಳನ್ನು ಹಾಗೆ ನಿಲ್ಲಿಸುವಂತಿಲ್ಲ. ಸ್ಟೆಂಟ್ (ಕಟ್ಟಿದ ರಕ್ತನಾಳವನ್ನು ತೆರೆದಿಡುವ ಜಾಲರಿ ಕೊಳವೆ) ಹಾಕಿಸಿಕೊಂಡವರು ಹಲ್ಲು ಕೀಳಿಸುವುದಕ್ಕೂ ರಕ್ತ ತೆಳು ಮಾಡುವ ಮಾತ್ರೆಯನ್ನು ಹೃದ್ರೋಗದ ಡಾಕ್ಟರನ್ನು ಕೇಳದೆ ಬಿಡಬಾರದು. ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು.

ಕಾಗದದ ಮೇಲಿನ ಗುರುತುಗಳು: ಒ.ಡಿ. ದಿನಕ್ಕೊಮ್ಮೆ, ಬಿ.ಡಿ. ಎರಡು ಸಲ, ಟಿ.ಡಿ.ಎಸ್. ಮೂರು ಸಲ, ಎಚ್.ಎಸ್. ಮಲಗುವ ಮುಂಚೆ, ಎಸ್.ಒ.ಎಸ್. ಬೇಕಾದಾಗ ಮಾತ್ರ. 1-0-1 ಎಂದರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಎಸ್.ಒ.ಎಸ್. ಎಂದಿದ್ದರೆ ಯಾವಾಗ ಬೇಕಾಗುತ್ತದೆ, ದಿನಕ್ಕೆ ಹೆಚ್ಚೆಂದರೆ ಎಷ್ಟು ಎಂದು ಬರೆಸಿಕೊಳ್ಳಿ. ಮೆಥೊಟ್ರೆಕ್ಸೇಟ್ ಎಂಬ ಹೆಸರು ಕಂಡರೆ ವಿಶೇಷ ಎಚ್ಚರ ಬೇಕು. ಸಂಧಿವಾತ, ಸೋರಿಯಾಸಿಸ್‌ಗೆ ಅದನ್ನು ಕೊಡುವುದು ವಾರಕ್ಕೊಮ್ಮೆ. ದಿನಾ ನುಂಗಿ ಪ್ರಾಣಕ್ಕೆ ಬಂದ ಪ್ರಸಂಗಗಳಿವೆ. ವಾರದ ಯಾವ ದಿನ ಎಂದು ಕಾರ್ಡ್ ಮೇಲೆಯೇ ಬರೆಸಿ.

ಇನ್ಸುಲಿನ್ ಹೊಸದಾಗಿ ಶುರುವಾಗಿದ್ದರೆ ಸಿರಿಂಜನ್ನೂ ನೋಡಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿಯಲ್ಲಿ ಒಂದು ಎಂಎಲ್‌ಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. 100 ಯೂನಿಟ್‌ನದಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ಡೋಸ್ ಎರಡೂವರೆ ಪಟ್ಟಾಗುತ್ತದೆ. ಮೊದಲ ಚುಚ್ಚನ್ನು ವಾರ್ಡಿನಲ್ಲಿ, ಸಿಸ್ಟರ್ ಎದುರಿಗೆ, ಮನೆಯವರೇ ಹಾಕಿ ಕಲಿಯಲಿ.

ಮರಾಠಿಯಲ್ಲಿ ಹೇಳಿದಾಗ

ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯವರಿಗೆ ಈ ಮಾತುಗಳು ಪರಿಚಿತ. ಉಡುಪಿ, ಕುಂದಾಪುರ, ಮಂಗಳೂರಿನ ಕಡೆಯಿಂದ ಹೊಸದಾಗಿ ಬಂದವರಿಗೆ ಅಲ್ಲ. ‘ದೀಡ್ ಗೋಳಿ’ ಎಂದರೆ ಒಂದೂವರೆ ಮಾತ್ರೆ. ‘ಅಡೀಚ್’ ಎರಡೂವರೆ. ‘ಪಾವ್’ ಕಾಲು ಭಾಗ, ‘ಪಾವುಣ್’ ಮುಕ್ಕಾಲು. ‘ಉಪಾಶೀಪೋಟಿ’ ಎಂದರೆ ಖಾಲಿ ಹೊಟ್ಟೆಗೆ. ‘ಟಾಕೇ’ ಹೊಲಿಗೆ, ‘ಸೂಜ್’ ಬಾವು, ‘ದಮ್ ಲಾಗಣೆ’ ಏದುಸಿರು. ಎಲ್ಲಕ್ಕಿಂತ ಹೆಚ್ಚು ಎಡವುವುದು ‘ದಿವಸಾಆಡ್’ ಎಂಬಲ್ಲಿ. ಅದರರ್ಥ ದಿನ ಬಿಟ್ಟು ದಿನ. ಅದರಲ್ಲಿ ‘ದಿವಸ’ ಎಂಬುದಷ್ಟೇ ಕಿವಿಗೆ ಬಿದ್ದು, ದಿನಾಲೂ ಕೊಟ್ಟ ಮನೆಯೊಂದನ್ನು ನಾನು ಬಲ್ಲೆ.

ಅರ್ಥವಾಯಿತೇ ಎಂದು ಕೇಳಿದರೆ ನಾವೆಲ್ಲ ತಲೆ ಆಡಿಸುತ್ತೇವೆ. ಅದರ ಬದಲು ಮಾತ್ರೆ ಕೊಡುವವರು ಸಿಸ್ಟರಿಗೆ ತಿರುಗಿ ಒಪ್ಪಿಸಲಿ. ಹಿಂದಿಯೋ ಮರಾಠಿಯೋ ಕೈಸನ್ನೆಯೋ, ಸ್ಟ್ರಿಪ್ ಹಿಡಿದು “ಇದು ಬೆಳಿಗ್ಗೆ ತಿಂಡಿಗೆ ಮುಂಚೆ ಒಂದು, ಇದು ರಾತ್ರಿ ಅರ್ಧ” ಎಂದು ಹೇಳಲಿ. ಎಲ್ಲಿ ತಪ್ಪುತ್ತಾರೋ ಅಲ್ಲಿಯೇ ತಿದ್ದಿಸಿಕೊಳ್ಳಬಹುದು. ಕೇರಳದ, ಮಂಗಳೂರಿನ ಸಿಸ್ಟರ್‌ಗಳು ಈ ನಗರದ ವಾರ್ಡುಗಳಲ್ಲಿ ಬಹಳಷ್ಟಿದ್ದಾರೆ. ಕನ್ನಡ, ತುಳು ಬಲ್ಲವರು ಆ ಪಾಳಿಯಲ್ಲಿದ್ದಾರೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಇನ್ನೂ ಬಾರದ ರಿಪೋರ್ಟುಗಳು

ಬಯಾಪ್ಸಿ (ಮೈಯಿಂದ ತೆಗೆದ ತುಣುಕಿನ ಪರೀಕ್ಷೆ), ಕಲ್ಚರ್ (ಸೋಂಕಿನ ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಮುಂತಾದವುಗಳ ಫಲಿತಾಂಶಕ್ಕೆ ದಿನಗಳು ಹಿಡಿಯುತ್ತವೆ. ರೋಗಿ ಮನೆ ಸೇರಿರುತ್ತಾರೆ, ರಿಪೋರ್ಟು ಲ್ಯಾಬಿನ ಟೇಬಲ್ಲಿನಲ್ಲಿ ಇರುತ್ತದೆ. ತೆಗೆದ ಗಂಟಿನಲ್ಲಿ ಏನಿತ್ತೆಂದು ಮೂರು ತಿಂಗಳು ಯಾರೂ ನೋಡದೆ ಉಳಿಯಬಾರದು. ಯಾವ ರಿಪೋರ್ಟು ಬಾಕಿ, ಎಂದು ಬರುತ್ತದೆ, ಯಾವ ಕೌಂಟರಿನಿಂದ ತರಬೇಕು, ಯಾವ ಡಾಕ್ಟರಿಗೆ ತೋರಿಸಬೇಕು ಎಂಬ ನಾಲ್ಕನ್ನೂ ಕಾರ್ಡ್‌ನಲ್ಲಿ ಬರೆಸಿ. ಆಂಜಿಯೋಗ್ರಫಿಯ ಸಿಡಿ, ಎಂಆರ್‌ಐ ಫಿಲ್ಮ್‌ಗಳನ್ನೂ ಕೇಳಿ ಪಡೆಯಿರಿ.

ಕೇಸ್ ಪೇಪರಿನ ಪೂರ್ತಿ ಪ್ರತಿ ಬೇಕಾದರೆ ಆಸ್ಪತ್ರೆಯ ದಾಖಲೆ ಇಡುವ ಎಂಆರ್‌ಡಿ ವಿಭಾಗಕ್ಕೆ ಅರ್ಜಿ ಕೊಡಿ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಂತೆ, ರೋಗಿಯೋ ರೋಗಿ ಒಪ್ಪಿಗೆ ಕೊಟ್ಟವರೋ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಒಳರೋಗಿಯ ದಾಖಲೆಯನ್ನು ಮೂರು ವರ್ಷ ಕಾಪಾಡಬೇಕೆಂದೂ ಅದರಲ್ಲಿದೆ. ಡಾಕ್ಟರ ಸಲಹೆಗೆ ವಿರುದ್ಧವಾಗಿ ಸಹಿ ಹಾಕಿ ಮಣಿಪಾಲಕ್ಕೋ ಮಂಗಳೂರಿಗೋ ಸಾಗಿಸುವವರು ನಮ್ಮಲ್ಲಿ ಅನೇಕರು. ಆಗಲೂ ಅಲ್ಲಿಯವರೆಗಿನ ಚಿಕಿತ್ಸೆಯ ಸಾರಾಂಶ ಪಡೆಯದೆ ಹೊರಡಬೇಡಿ. ಹೊಸ ಡಾಕ್ಟರಿಗೆ ಕೊನೆಯ ಇಂಜೆಕ್ಷನ್ ಯಾವುದು, ಎಷ್ಟು ಹೊತ್ತಿಗೆ ಕೊಟ್ಟದ್ದು ಎಂಬುದು ಮೊದಲು ಬೇಕು.

ಬಿಲ್ಲು, ವಿಮೆ

ಕ್ಯಾಶ್‌ಲೆಸ್ (ವಿಮಾ ಕಂಪನಿಯೇ ಆಸ್ಪತ್ರೆಗೆ ನೇರವಾಗಿ ಹಣ ಕಟ್ಟುವ ವ್ಯವಸ್ಥೆ) ಇದ್ದರೆ, ಆಸ್ಪತ್ರೆಯಿಂದ ಡಿಸ್ಚಾರ್ಜ್ ಕೋರಿಕೆ ತಲುಪಿದ ಮೂರು ಗಂಟೆಯೊಳಗೆ ವಿಮಾ ಕಂಪನಿ ಅಂತಿಮ ಒಪ್ಪಿಗೆ ಕೊಡಬೇಕು. ತಡವಾದ್ದರಿಂದ ಆಸ್ಪತ್ರೆ ಹೆಚ್ಚು ಹಣ ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು. ಇದು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2024ರ ಮೇ 29ರಂದು ಹೊರಡಿಸಿದ ಸುತ್ತೋಲೆಯ ಮಾತು. ಗಡಿಯಾರ ಓಡುವುದು ಕೋರಿಕೆ ಹೋದ ಮೇಲೆ. ಹಾಗಾಗಿ ಬೆಳಿಗ್ಗೆಯೇ ಟಿಪಿಎ (ವಿಮಾ ಕಂಪನಿಯ ಪರವಾಗಿ ಕ್ಲೇಮು ನೋಡುವ ಸಂಸ್ಥೆ) ಡೆಸ್ಕಿಗೆ ಹೋಗಿ “ಪೇಪರ್ ಎಷ್ಟು ಗಂಟೆಗೆ ಕಳಿಸಿದಿರಿ?” ಎಂದು ಕೇಳಿ ಬರೆದಿಟ್ಟುಕೊಳ್ಳಿ. ಬಳಸದೆ ಉಳಿದ ಔಷಧಗಳನ್ನು ಫಾರ್ಮಸಿಗೆ ಮರಳಿಸದಿದ್ದರೆ ಬಿಲ್ಲು ಮುಗಿಯುವುದೇ ಇಲ್ಲ, ಅದನ್ನು ಹಿಂದಿನ ರಾತ್ರಿಯೇ ಮುಗಿಸಿ. ಸ್ಟೆಂಟ್ ಹಾಕಿದ್ದರೆ ಅದರ ಬೆಲೆ, ಬ್ರ್ಯಾಂಡ್, ಬ್ಯಾಚ್ ನಂಬರು ಬಿಲ್ಲಿನಲ್ಲಿ ಪ್ರತ್ಯೇಕ ಇರಬೇಕು. ಅದರ ಸ್ಟಿಕ್ಕರನ್ನು ಜೋಪಾನ ಮಾಡಿ.

ಡಿಸ್ಚಾರ್ಜ್ ನಂತರದ ಔಷಧ, ಪರೀಕ್ಷೆಗಳ ಖರ್ಚೂ ಹೆಚ್ಚಿನ ಪಾಲಿಸಿಗಳಲ್ಲಿ ಇಂತಿಷ್ಟು ದಿನ ಎಂದು ಸಿಗುತ್ತದೆ. ಚೀಟಿ ಮತ್ತು ಬಿಲ್ಲು ಜೋಡಿಯಾಗಿ ಇಟ್ಟುಕೊಳ್ಳಿ. ಇನ್ನೊಂದು ಮಾತು ಬಹಳ ಜನಕ್ಕೆ ತಿಳಿದಿಲ್ಲ. ಅದೇ ಕಾಯಿಲೆ 45 ದಿನದೊಳಗೆ ಮರುಕಳಿಸಿದರೆ ವಿಮೆಯ ಭಾಷೆಯಲ್ಲಿ ಅದು ಹಳೆಯ ಕಾಯಿಲೆಯ ಮುಂದುವರಿಕೆ. ಕಾಯಿಲೆಗೆ ಇಷ್ಟೇ ಎಂಬ ಮಿತಿ ಪಾಲಿಸಿಯಲ್ಲಿದ್ದರೆ ಎರಡೂ ಅಡ್ಮಿಷನ್ ಆ ಒಂದೇ ಮಿತಿಯೊಳಗೆ ಬರುತ್ತವೆ.

ವಿಮೆ ಇಲ್ಲದವರು ಮಹಾರಾಷ್ಟ್ರ ಸರಕಾರದ ಮಹಾತ್ಮಾ ಜ್ಯೋತಿರಾವ್ ಫುಲೆ ಆರೋಗ್ಯ ಯೋಜನೆ ಮತ್ತು ಆಯುಷ್ಮಾನ್ ಭಾರತದ ಬಗ್ಗೆ ಆರೋಗ್ಯಮಿತ್ರರ (ಈ ಯೋಜನೆಗಳಿಗಾಗಿ ಆಸ್ಪತ್ರೆಯಲ್ಲಿರುವ ಸಹಾಯಕರ) ಡೆಸ್ಕಿನಲ್ಲಿ ವಿಚಾರಿಸಿ. ಆಯುಷ್ಮಾನ್ ಅಡಿ ಡಿಸ್ಚಾರ್ಜ್ ನಂತರದ 15 ದಿನಗಳ ಔಷಧವೂ ಪ್ಯಾಕೇಜಿನೊಳಗೇ ಇದೆ. ಕೇಳದೆ ಹೊರಟು ಹೊರಗಿನ ಮೆಡಿಕಲ್‌ನಲ್ಲಿ ದುಡ್ಡು ಕೊಡಬೇಡಿ. ಟ್ರಸ್ಟ್ ನಡೆಸುವ ಧರ್ಮಾರ್ಥ ಆಸ್ಪತ್ರೆಗಳಲ್ಲಿ ಶೇ. 10 ಹಾಸಿಗೆ ಬಡವರಿಗೆ ಉಚಿತ, ಇನ್ನು ಶೇ. 10 ರಿಯಾಯಿತಿ ದರದಲ್ಲಿ ಎಂಬ ನಿಯಮ ಮಹಾರಾಷ್ಟ್ರದಲ್ಲಿದೆ. ಸೋಷಿಯಲ್ ವರ್ಕರ್ ಅವರನ್ನು ಭೇಟಿಯಾಗಿ. ಬಿಲ್ಲಿನ ತಕರಾರಿಗಾಗಿ ರೋಗಿಯನ್ನು ತಡೆದಿಡುವಂತಿಲ್ಲ ಎಂದು ರೋಗಿಗಳ ಹಕ್ಕುಗಳ ಸನ್ನದು ಹೇಳುತ್ತದೆ.

ಮನೆಗೆ ಬಂದ ರಾತ್ರಿಯಿಂದ ಮೊದಲ ವಾರ

ಅಂದೇ ರಾತ್ರಿ ಕಾರ್ಡ್‌ನಲ್ಲಿರುವುದನ್ನು ದೊಡ್ಡ ಕನ್ನಡ ಅಕ್ಷರದಲ್ಲಿ ಒಂದು ಹಾಳೆಗೆ ಇಳಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿ. ಮಾತ್ರೆಯ ಹೆಸರು, ಯಾತಕ್ಕೆ, ಯಾವ ಹೊತ್ತಿಗೆ, ಎಷ್ಟು. ಕತ್ತರಿಸಿದ ಸ್ಟ್ರಿಪ್‌ನ ತುಂಡನ್ನೂ ಪಕ್ಕದಲ್ಲಿ ಅಂಟಿಸಿದರೆ ಓದಲು ಬಾರದವರಿಗೂ ಅನುಕೂಲ. ಮತ್ತೆ ತೋರಿಸುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿ ಗುರುತಿಸಿದಂತೆ ಗುರುತು ಮಾಡಿ.

ಆ ದಿನವನ್ನು ತಪ್ಪಿಸಲೇಬೇಡಿ. ಅಮೆರಿಕದ ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗಿರುವ ಸರಕಾರಿ ವಿಮೆ) ರೋಗಿಗಳ ದಾಖಲೆ ಪರಿಶೀಲಿಸಿ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಡಿಸ್ಚಾರ್ಜ್ ಆದ ಸುಮಾರು ಐವರಲ್ಲಿ ಒಬ್ಬರು 30 ದಿನದೊಳಗೆ ಮತ್ತೆ ಆಸ್ಪತ್ರೆ ಸೇರಿದ್ದರು. ಶಸ್ತ್ರಕ್ರಿಯೆ ಅಲ್ಲದ ಕಾಯಿಲೆಗಳಿಂದ ಹೋಗಿ ಹಾಗೆ ಮರಳಿದವರಲ್ಲಿ ಅರ್ಧದಷ್ಟು ಮಂದಿಯ ದಾಖಲೆಯಲ್ಲಿ ನಡುವೆ ಯಾವ ಡಾಕ್ಟರನ್ನೂ ಕಂಡ ಬಿಲ್ಲು ಇರಲಿಲ್ಲ. ಇದನ್ನು ಓದಿದಾಗ ನನಗೆ ನಮ್ಮ ಮನೆಯ ಆ ಐದನೇ ದಿನ ನೆನಪಾಯಿತು. ಕೆಇಎಂ, ಸಯನ್, ನಾಯರ್, ಕೂಪರ್‌ನಂಥ ಪಾಲಿಕೆ ಆಸ್ಪತ್ರೆಗಳಲ್ಲಿ ಪ್ರತಿ ಯೂನಿಟ್ಟಿಗೂ ಒಪಿಡಿ (ಹೊರರೋಗಿ ವಿಭಾಗ) ನಡೆಯುವ ವಾರದ ದಿನ ನಿಗದಿಯಾಗಿರುತ್ತದೆ. ತಪ್ಪಿದರೆ ನಿಮ್ಮನ್ನು ನೋಡಿದ ಡಾಕ್ಟರು ಸಿಗುವುದು ಮುಂದಿನ ಸರದಿಗೆ. ಯೂನಿಟ್ ಯಾವುದು, ದಿನ ಯಾವುದು, ಕೇಸ್ ಪೇಪರ್ ಕಿಟಕಿ ಎಷ್ಟು ಗಂಟೆಯವರೆಗೆ ಎಂದು ವಾರ್ಡಿನಲ್ಲೇ ಕೇಳಿಕೊಂಡು ಬನ್ನಿ.

ಹೃದಯದ ಪಂಪಿಂಗ್ ಕಡಿಮೆಯಿರುವವರ ಮನೆಯಲ್ಲಿ ತೂಕದ ಯಂತ್ರ ಇರಲೇಬೇಕು. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮುಂಚೆ, ದಿನಾ ಒಂದೇ ಬಗೆಯ ಬಟ್ಟೆಯಲ್ಲಿ ತೂಗಿ ಬರೆಯಿರಿ. ಮೂರು ದಿನದಲ್ಲಿ 2 ಕೆಜಿ ಏರಿದರೆ ಅದು ಮೈಯಲ್ಲಿ ನಿಂತ ನೀರು. ಉಸಿರು ಕಟ್ಟುವವರೆಗೆ ಕಾಯದೆ ಡಾಕ್ಟರಿಗೆ ಫೋನ್ ಮಾಡಿ. ಮಾವನಿಗೆ ದಿನಕ್ಕೆ ಒಂದೂವರೆ ಲೀಟರ್ ನೀರು ಎಂದಿದ್ದರು. ನಾವು ಕುಡಿಯುವ ನೀರನ್ನು ಮಾತ್ರ ಅಳೆದೆವು. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿಯ ತೆಳಿ, ಮಧ್ಯಾಹ್ನ ಸಾರು, ಸಂಜೆ ಎರಡು ಚಹಾ, ರಾತ್ರಿ ಮಜ್ಜಿಗೆ, ಇವೆಲ್ಲ ಆ ಒಂದೂವರೆ ಲೀಟರಿನೊಳಗೇ ಬರಬೇಕು ಎಂದು ಹೊಳೆಯಲಿಲ್ಲ. ಉಪ್ಪಿನದೂ ಇದೇ ಕಥೆ. ಪಲ್ಯಕ್ಕೆ ಉಪ್ಪು ಕಡಿಮೆ ಹಾಕಿ, ಗಂಜಿಗೆ ಮಿಡಿ ಉಪ್ಪಿನಕಾಯಿ, ಹಪ್ಪಳ, ಒಣಮೀನು ಬಡಿಸಿದರೆ ಮಾಡಿದ್ದೆಲ್ಲ ವ್ಯರ್ಥ. ಕಾರ್ಡ್‌ನಲ್ಲಿ ‘ಲೋ ಸಾಲ್ಟ್ ಡಯಟ್’ ಎಂಬ ಮೂರು ಪದ ಇರುತ್ತದೆ. ಅದನ್ನು ನಮ್ಮ ಅಡುಗೆಗೆ ಬಿಡಿಸಿ ಹೇಳುವವರು ನಾವೇ ಆಗಬೇಕು.

ಊರಿಗೆ ಹೊರಡುವ ಮೊದಲು

ಆರೈಕೆಗೆ ಊರಿಗೆ ಹೋಗುವುದು ನಮ್ಮ ಹಳೆಯ ರೂಢಿ. ಅಲ್ಲಿ ಗಾಳಿ, ಜಾಗ, ನೋಡಿಕೊಳ್ಳುವ ಕೈ ಎಲ್ಲ ಇದೆ. ಆದರೆ ಮೊದಲ ತೋರಿಸುವ ದಿನ ಮುಗಿಯದೆ ಮತ್ಸ್ಯಗಂಧಾ ರೈಲಿನಲ್ಲೋ ರಾತ್ರಿ ಬಸ್ಸಿನಲ್ಲೋ ಕೂರಿಸಬೇಡಿ. ಪ್ರಯಾಣ ಮಾಡಬಹುದೇ ಎಂದು ಡಾಕ್ಟರಿಂದ ಕಾರ್ಡ್ ಮೇಲೆ ಬರೆಸಿ. ಮಾತ್ರೆ, ಕಾರ್ಡ್ ಕೈಚೀಲದಲ್ಲಿರಲಿ, ಸೀಟಿನಡಿಯ ಪೆಟ್ಟಿಗೆಯಲ್ಲಿ ಬೇಡ. ಇನ್ಸುಲಿನ್ ತಂಪಾಗಿರಬೇಕು, ಮಂಜುಗಡ್ಡೆಗೆ ತಾಗಬಾರದು. ರೈಲಿನಲ್ಲಿ ತೊಂದರೆಯಾದರೆ 139ಕ್ಕೆ ಕರೆ ಮಾಡಿ. ಕ್ಷಯದ ಚಿಕಿತ್ಸೆಯಲ್ಲಿರುವವರು ನಿಕ್ಷಯ್ ಐಡಿ (ಸರಕಾರದ ಕ್ಷಯರೋಗ ದಾಖಲೆಯಲ್ಲಿ ರೋಗಿಯ ಗುರುತಿನ ಸಂಖ್ಯೆ) ಬರೆದುಕೊಂಡು, ಊರಿನ ಸರಕಾರಿ ಕೇಂದ್ರಕ್ಕೆ ವರ್ಗ ಮಾಡಿಸಿಯೇ ಹೊರಡಿ. ನಡುವೆ ಔಷಧ ತಪ್ಪಿದರೆ ರೋಗ ಔಷಧಕ್ಕೆ ಬಗ್ಗದಂತಾಗುತ್ತದೆ.

ಮತ್ತೆ ಹೋಗಬೇಕಾಗಿ ಬಂದರೆ

ಯಾವ ಲಕ್ಷಣ ಕಂಡರೆ ಕಾಯಬಾರದು ಎಂಬುದನ್ನು ಡಿಸ್ಚಾರ್ಜ್ ದಿನವೇ ನಿಮ್ಮ ಕಾಯಿಲೆಗೆ ತಕ್ಕಂತೆ ಬರೆಸಿರಬೇಕು. ಎದೆನೋವು, ಮಲಗಲಾಗದ ಏದುಸಿರು, ಮುಖ ಅಥವಾ ಕೈಕಾಲು ಸೊಟ್ಟಗಾಗುವುದು, ಪ್ರಜ್ಞೆ ಮಸುಕಾಗುವುದು, ಕಪ್ಪು ಮಲ ಇವಕ್ಕೆ ಬೆಳಗಾಗುವವರೆಗೆ ಕಾಯುವಂತಿಲ್ಲ. 108ಕ್ಕೆ ಕರೆ ಮಾಡಿ. ಹೊಲಿಗೆಯಲ್ಲಿ ಕೀವು, ಜ್ವರ ಕಂಡರೆ ಅದೇ ದಿನ ತೋರಿಸಿ.

ಕ್ಯಾಶುವಲ್ಟಿಯಲ್ಲಿ ಮೊದಲ ವಾಕ್ಯ ಇದಾಗಿರಲಿ: “ಇಂಥ ಕಾಯಿಲೆಗೆ ಇಂಥ ತಾರೀಖಿನವರೆಗೆ ಅಡ್ಮಿಟ್ ಆಗಿದ್ದರು, ಡಿಸ್ಚಾರ್ಜ್ ಆಗಿ ಇಷ್ಟು ದಿನ.” ಜೊತೆಗೆ ಕಾರ್ಡ್, ಮಾತ್ರೆಗಳ ಚೀಲ, ಗೋಡೆಯ ಹಾಳೆ, ತೂಕ ಬರೆದ ಪುಸ್ತಕ. ಯಾವ ಮಾತ್ರೆ ತಪ್ಪಿದೆಯೋ ಅದನ್ನು ಮುಚ್ಚಿಡಬೇಡಿ. ಬೈದಾರೆಂಬ ಹೆದರಿಕೆಯಿಂದ ಸುಳ್ಳು ಹೇಳಿದರೆ, ಔಷಧ ನಾಟುತ್ತಿಲ್ಲವೆಂದು ಅವರು ಇನ್ನೂ ಜೋರಾದದ್ದನ್ನು ಕೊಡುತ್ತಾರೆ. ಸಾಧ್ಯವಾದರೆ ಅದೇ ಆಸ್ಪತ್ರೆಗೆ ಹೋಗಿ, ಹಳೆಯ ಫೈಲು ಅಲ್ಲಿದೆ.

ಎರಡನೇ ಸಲ ಹೊರಡುವಾಗ, ಏಕೆ ಮರಳಬೇಕಾಯಿತು ಎಂಬುದನ್ನೂ ಹೊಸ ಕಾರ್ಡ್‌ನಲ್ಲಿ ಬರೆಸಿ. ಮಾವನ ಎರಡನೇ ಡಿಸ್ಚಾರ್ಜ್ ದಿನ ಅತ್ತೆಯೇ ವಾರ್ಡಿಗೆ ಬಂದಿದ್ದರು. ಮೂತ್ರ ಹೋಗುವ ಮಾತ್ರೆಯ ಸ್ಟ್ರಿಪ್ ಎತ್ತಿ ಹಿಡಿದು, ತಮ್ಮ ಹರಕು ಹಿಂದಿಯಲ್ಲಿ “ಯೇ ಕಬ್ ಬಂದ್ ಕರನೇ ಕಾ?” ಎಂದು ಕೇಳಿದರು. ಡಾಕ್ಟರು ಪೆನ್ನು ತೆಗೆದು ದಿನಗಳ ಸಂಖ್ಯೆಯನ್ನು ಹೊಡೆದುಹಾಕಿ, ನಾವು ಹೇಳುವವರೆಗೆ ನಿಲ್ಲಿಸಬಾರದು ಎಂದು ಬರೆದು ಸಹಿ ಮಾಡಿದರು. ಅತ್ತೆ ಅದನ್ನು ಅಲ್ಲೇ ಕೂತು ಕನ್ನಡದಲ್ಲಿ ಬರೆದುಕೊಂಡರು.